ಗಾಡಿ ದಾಟ್ತದೆ

ಹಳ್ಳ ದಾಟುವುದರ ಬಗ್ಗೆ ನನ್ನ ಹತ್ತಿರ ಒಳ್ಳೊಳ್ಳೆಯ ಸಲಹೆಗಳಿವೆ. ಕೇಳಿದವರಿಗೆ ಕೊಟ್ಟಿದ್ದೇನೆ, ಕೇಳದವರಿಗೆ ಇನ್ನೂ ಹೆಚ್ಚು ಕೊಟ್ಟಿದ್ದೇನೆ. ನೀರಿಗೆ ಗಾಡಿ ಇಳಿಸುವ ಮೊದಲು ತಾನು ಇಳಿಯಬೇಕು, ಕೋಲು ಊರಿ ತಳ ನೋಡಬೇಕು. ಫ್ಯಾನಿನ ಬೆಲ್ಟ್ ಕಳಚಿಡಬೇಕು, ಇಲ್ಲದಿದ್ದರೆ ಅದು ನೀರನ್ನು ಬಾಚಿ ಇಂಜಿನ್ನಿನ ಮೈಮೇಲೆ ಎರಚುತ್ತದೆ. ಸಣ್ಣ ಗೇರಿಗೆ ಹಾಕಿ ಒಂದೇ ಹದದಲ್ಲಿ ಹೋಗಬೇಕು. ನಡುನೀರಿನಲ್ಲಿ ಗೇರು ಬದಲಿಸುವವನೂ ತಾಳಿ ಕಟ್ಟುವಾಗ ಮನಸ್ಸು ಬದಲಿಸುವವನೂ ಒಂದೇ ಜಾತಿ. ದಾಟಿದ ಮೇಲೆ ಬ್ರೇಕನ್ನು ಒತ್ತಿ ಒತ್ತಿ ಒಣಗಿಸಬೇಕು. ಇಂಜಿನ್ ನೀರು ಕುಡಿದು ನಿಂತರೆ ಚಾವಿ ಮುಟ್ಟಬಾರದು, ತಿರುಗಿಸಿದರೆ ಒಳಗಿನದೆಲ್ಲ ಮುರಿಯುತ್ತದೆ, ಕೈ ಕಟ್ಟಿ ಕೂರಬೇಕು.

ಇವುಗಳಲ್ಲಿ ಒಂದೂ ಸುಳ್ಳಲ್ಲ. ನನ್ನ ಜೀಪು ಬೆಳಕೆಯ ಒಳಭಾಗದ ಒಂದು ಹಳ್ಳದಲ್ಲಿ ಮೂತಿ ಮುಳುಗಿಸಿ ನಿಂತದ್ದಕ್ಕೂ ಈ ಸಲಹೆಗಳಿಗೂ ಸಂಬಂಧವಿಲ್ಲ. ಅದು ಚಾಲಕನ ತಪ್ಪಲ್ಲ, ಶಬ್ದಾರ್ಥದ ತಪ್ಪು.

ನಾನು ಹೊನ್ನಾವರದಲ್ಲಿ ಹಳೇ ವಾಹನ ಕೊಂಡು ಮಾರುವವನು. ಕಾಸರಕೋಡದ ಬಂದರಿನ ಹತ್ತಿರ ಮೀನು ಲಾರಿಗಳ ಸವೆದ ಟೈರು ಉರುಳಿಸಿಕೊಂಡು ಶುರು ಮಾಡಿದೆ. ಯಾರೂ ಕೈ ಹಿಡಿದು ಎತ್ತಲಿಲ್ಲ. ಎತ್ತಲು ಬಂದವರ ಕೈಯಲ್ಲಿ ಏನಿದೆ ಎಂದು ಮೊದಲು ನೋಡುವ ಅಭ್ಯಾಸ ನನಗಿತ್ತು. ಚೌಕಾಸಿ ನನಗೆ ಕಸುಬಲ್ಲ, ಉಸಿರಾಟ. ಆ ಜೀಪನ್ನೂ ಹಾಗೆಯೇ ಕೊಂಡದ್ದು. ನಾಲ್ಕೂ ಚಕ್ರ ಎಳೆಯುವ ಹಳೇ ಜೀಪು, ಹರಾಜಿನಲ್ಲಿ ಬಂದಿತ್ತು. ಕೊಡುವವನಿಗೆ ಅದರ ಎರಡನೇ ಗೇರ್ ಕಡ್ಡಿ ಯಾತಕ್ಕೆ ಎಂದೇ ಗೊತ್ತಿರಲಿಲ್ಲ. ನಾನೂ ಗೊತ್ತಿಲ್ಲದವನಂತೆ, "ಇದೊಂದು ಕಡ್ಡಿ ಹೆಚ್ಚಿಗೆ ಇದೆಯಲ್ಲ, ರಿಪೇರಿಗೆ ಬಂದದ್ದಾ?" ಎಂದು ಕೇಳಿ ದರ ಇಳಿಸಿದೆ. ಮಾರುವ ಮನಸ್ಸಾಗದೆ ಮನೆಯಲ್ಲಿಟ್ಟುಕೊಂಡ ಒಂದೇ ವಾಹನ ಅದು. ನನ್ನ ಹೆಂಡತಿಯ ಪ್ರಕಾರ, ಕೊಳ್ಳುವವರು ಸಿಗದೆ ಮನೆಯಲ್ಲಿ ಉಳಿದ ಒಂದೇ ವಾಹನ.

ಹೆಂಡತಿಗೆ ಒಬ್ಬ ತಮ್ಮ. ತಂದೆತಾಯಿ ಹೋದ ಮೇಲೆ ಇವಳೇ ಸಾಕಿದ್ದು. ಹಿರೇಗುತ್ತಿಯಲ್ಲಿ ಪಂಪು, ಮಿಕ್ಸರ್ ರಿಪೇರಿಯ ಸಣ್ಣ ಅಂಗಡಿ ಇಟ್ಟುಕೊಂಡಿದ್ದ. ಕೆಟ್ಟ ಪಂಪಿನ ಜೊತೆ ಒಂದು ತಾಸು ಮಾತಾಡಬಲ್ಲ, ಮನುಷ್ಯರ ಜೊತೆ ಎರಡು ಮಾತು. ವಯಸ್ಸು ನಲವತ್ತಕ್ಕೆ ಹತ್ತಿರ ಬಂದರೂ ಮದುವೆ ಕೂಡಿ ಬಂದಿರಲಿಲ್ಲ. ಹಿಂದಿನ ಸಂಬಂಧ ಮುರಿದದ್ದು ನಾನು ಕಲ್ಯಾಣಮಂಟಪದ ವಿಷಯದಲ್ಲಿ ಬಾಯಿ ಹಾಕಿದ್ದರಿಂದ ಎಂದು ಹೆಂಡತಿಯ ಆರೋಪ. ಊಟಕ್ಕೆ ಕೂರುವವರ ಸಂಖ್ಯೆಯಲ್ಲಿ ನಾನು ತುಸು ಚೌಕಾಸಿ ಮಾಡಿದ್ದು ಹೌದು. ಅಷ್ಟಕ್ಕೆ ಮುರಿಯುವ ಸಂಬಂಧ ಮುರಿದರೇ ಲಾಭ ಎಂಬುದು ನನ್ನ ಅಭಿಪ್ರಾಯ. ಈ ಅಭಿಪ್ರಾಯವನ್ನು ನಮ್ಮ ಮನೆಯಲ್ಲಿ ಗಟ್ಟಿಯಾಗಿ ಹೇಳುವ ಹಾಗಿಲ್ಲ.

ಅಷ್ಟರಲ್ಲಿ ಬೆಳಕೆಯ ಕಡೆಯ ಹುಡುಗಿಯ ಸುದ್ದಿ ಬಂತು. ಹೆದ್ದಾರಿ ಬಿಟ್ಟು ಬೆಟ್ಟದ ಬುಡಕ್ಕೆ ಹೋದರೆ ಸಿಗುವ ಊರು. ಹುಡುಗಿಗೆ ಭಟ್ಕಳ ಪೇಟೆಯ ಔಷಧಿ ಅಂಗಡಿಯಲ್ಲಿ ಕೆಲಸ. ಕನ್ನಡ, ಕೊಂಕಣಿ, ನವಾಯತಿ, ಉರ್ದು, ಯಾವ ಭಾಷೆಯಲ್ಲಿ ತಲೆನೋವು ಬಂದರೂ ಅದೇ ಭಾಷೆಯಲ್ಲಿ ಗುಳಿಗೆ ಕೊಡುತ್ತಾಳಂತೆ. ಎಲ್ಲ ಸರಿ, ಆದರೆ ಅವಳದ್ದೊಂದು ಷರತ್ತು ಇತ್ತು. ನೋಡಲು ಬರುವವರು ಮಳೆಗಾಲದಲ್ಲೇ ಬರಬೇಕು.

ಕೇಳಿ ನಾನು ನಕ್ಕುಬಿಟ್ಟೆ. ನಮ್ಮ ಕಡೆ ಜೋರು ಮಳೆಯಲ್ಲಿ ಹೆಣ ಹೊರುವವರೇ ಸಿಗುವುದಿಲ್ಲ, ಹೆಣ್ಣು ನೋಡಲು ಯಾರು ಹೋಗುತ್ತಾರೆ? ಬೇಸಿಗೆಯಲ್ಲಿ ಇಬ್ಬರು ಗಂಡುಗಳು ತೊಳೆದ ಕಾರಿನಲ್ಲಿ ಧೂಳೆಬ್ಬಿಸಿಕೊಂಡು ಹೋಗಿ, ಚಾ ಕುಡಿದು, ರಸ್ತೆಯನ್ನು ಹೊಗಳಿ ಬಂದಿದ್ದರಂತೆ. ಇಬ್ಬರಿಗೂ ಅವಳು ಬೇಡ ಎಂದಿದ್ದಳು.

ಷರತ್ತಿನ ಹಿಂದೆ ಅವಳ ಅಕ್ಕ ಇದ್ದಳು. ಆ ಅಕ್ಕನನ್ನು ಕುಮಟೆಯ ಕಡೆಗೆ ಕೊಟ್ಟಿದ್ದರು. ಮಳೆ ಹಿಡಿಯಿತು ಎಂದರೆ ಗಂಡನ ಮನೆಯವರು ಅವಳನ್ನು ತವರಿಗೆ ಕಳಿಸುವುದಿಲ್ಲ. ಕೇಳಿದರೆ, "ಹಳ್ಳ ತುಂಬಿದೆ" ಎಂಬ ಒಂದೇ ಉತ್ತರ. ತಾಯಿ ಹಾಸಿಗೆ ಹಿಡಿದದ್ದು ಮಳೆಗಾಲದಲ್ಲಿ. ಅಕ್ಕ ಬಂದು ತಲುಪಿದ್ದು ನವರಾತ್ರಿಗೆ. ಅಷ್ಟರಲ್ಲಿ ನೋಡಬೇಕಾದವಳು ಇರಲಿಲ್ಲ. ಆದ್ದರಿಂದ ತಂಗಿಯ ಲೆಕ್ಕ ನೇರವಾಗಿತ್ತು. ಮಳೆಗಾಲದಲ್ಲಿ ನಮ್ಮ ಮನೆಗೆ ಬರಲು ಆಗದವನು ಮಳೆಗಾಲದಲ್ಲಿ ನನ್ನನ್ನು ನಮ್ಮ ಮನೆಗೆ ಕಳಿಸುವುದೂ ಇಲ್ಲ.

ವ್ಯಾಪಾರಸ್ಥನಾಗಿ ಹೇಳುತ್ತೇನೆ, ಇದಕ್ಕಿಂತ ಒಳ್ಳೆಯ ಷರತ್ತನ್ನು ನಾನು ಕೇಳಿಲ್ಲ. ಹಳೇ ವಾಹನ ಕೊಳ್ಳುವಾಗ ನಾನೂ ಮಳೆಯಲ್ಲೇ ಹೋಗಿ ನೋಡುತ್ತೇನೆ. ಸೋರುವುದು ಆಗಲೇ ತಿಳಿಯುವುದು.

ನನ್ನ ಭಾವಮೈದುನ ಫೋಟೋ ನೋಡಿದ. ಒಂದು ಸಲ ಫೋನಿನಲ್ಲಿ ಮಾತಾಡಿದ. ಆ ಮೇಲೆ ಅಂಗಡಿಯಲ್ಲಿ ಯಾರದೋ ಮಿಕ್ಸರಿಗೆ ಇನ್ಯಾರದೋ ಮುಚ್ಚಳ ಹಾಕಿ ಕೊಟ್ಟನಂತೆ. ಅವನ ಅಕ್ಕನಿಗೆ ಅಷ್ಟೇ ಸಾಕಾಯಿತು.

"ಈ ಸಂಬಂಧ ತಪ್ಪಿದ್ರೆ ಅಂವ ಮತ್ತೆ ಬಾಯಿ ಬಿಡುದಿಲ್ಲ, ನಂಗೆ ಗೊತ್ತು" ಎಂದಳು ನನಗೆ. "ನೀವು ಕರ್ಕಂಡು ಹೋಗಿ. ಆದ್ರೆ ಅಲ್ಲಿ ಎಂತದೂ ಮಾತಾಡ್ಬೇಡಿ. ಗಾಡಿ ಓಡ್ಸಿ, ಚಾ ಕುಡೀರಿ, ಬನ್ನಿ. ಆತಾ?"

"ನೀನೂ ಬಾ."

"ನಿಮ್ಮ ಆ ಡಬ್ಬದ ಹಿಂದೆ ಕೂತು ಬಂದ್ರೆ ನನ್ನ ಸೊಂಟಕ್ಕೂ ಒಂದು ಸಂಬಂಧ ಹುಡುಕ್ಬೇಕಾತದೆ."

ಹೊರಡುವ ಹಿಂದಿನ ದಿನ ಭಾವಮೈದುನ ಬಾಗಿಲಲ್ಲಿ ನಿಂತು ಕಾಲು ಕೆರೆಯುತ್ತಿದ್ದ. ಅವನಿಗೆ ಏನೋ ಹೇಳಲಿಕ್ಕಿದೆ ಎಂದು ಅದರರ್ಥ.

"ಭಾವ, ನಾ ನನ್ನ ಗಾಡಿಲೇ ಹೋಗ್ಬರ್ತೆ."

ಅವನ ಗಾಡಿ ಎಂದರೆ ಒಂದು ಬೈಕು. ಸೊಳ್ಳೆಗೆ ಸ್ಟ್ಯಾಂಡು ಹಾಕಿದ ಹಾಗಿದೆ.

"ಅದು ಗಾಡಿಯೇನೋ ತಮಾ? ಹೆಣ್ಣು ನೋಡುಕೆ ಹೋಗುದು, ಹಾಲು ಹಾಕುಕಲ್ಲ. ಮೂರು ಹಳ್ಳ ಉಂಟಂತೆ ದಾರಿಲಿ. ನಾಲ್ಕು ಚಕ್ರ ಎಳೆಯುದು ನಮ್ಮನೇಲಿ ಇದ್ದು ಯಾವಾಗಕ್ಕೆ?"

"ಅಲ್ಲ ಭಾವ, ಅವ್ರು ಹೇಳುದು..."

"ಅವ್ರು ಹೇಳುದನ್ನ ನಾನೇ ಕೇಳ್ತೆ."

ಕೇಳಿದೆ. ದಾರಿ ವಿಚಾರಿಸದೆ ಹೊರಡುವವನಲ್ಲ ನಾನು. ಹುಡುಗಿಯ ಮನೆಗೆ ಫೋನು ಮಾಡಿದೆ, ಅವಳೇ ಎತ್ತಿದಳು. ಹಿನ್ನೆಲೆಯಲ್ಲಿ ಹಂಚಿನ ಮೇಲೆ ಮಳೆ ಸುರಿಯುವ ಸದ್ದು. ನಾನು ಇಂಥವನು, ಗಂಡಿನ ಭಾವ ಎಂದು ಹೇಳಿ, ನೇರ ವಿಷಯಕ್ಕೆ ಬಂದೆ.

"ಮನೆ ತನಕ ಗಾಡಿ ಬರ್ತದಾ?"

"ಬರ್ತದೆ ಅಣ್ಣಾ."

"ಹಳ್ಳ ತುಂಬಿದ್ರೂ?"

"ಹಳ್ಳ ತುಂಬಿದ್ರೂ ಗಾಡಿ ದಾಟ್ತದೆ. ಕಡೇ ಹಳ್ಳ ಒಂದು ಜೋರು. ಆದ್ರೂ ನಾ ದಿನಾ ದಾಟ್ಸ್ತೆ ಅಲ್ದಾ."

ಇಷ್ಟು ಸಾಕಾಯಿತು ನನಗೆ. ಪೇಟೆಯ ಅಂಗಡಿಯಲ್ಲಿ ಗುಳಿಗೆ ಕೊಡುವ ಹುಡುಗಿ ದಿನಾ ದಾಟಿಸುವ ಹಳ್ಳ ನನ್ನ ಜೀಪಿಗೆ ಲೆಕ್ಕವೇ? ಗಾಡಿ ಎಂದರೆ ಯಾವ ಗಾಡಿ ಎಂದು ನಾನು ಕೇಳಲಿಲ್ಲ. ಯಾಕೆ ಕೇಳಬೇಕು? ಜೀವಮಾನ ಪೂರ್ತಿ ಗಾಡಿಗಳ ನಡುವೆ ಬದುಕಿದವನಿಗೆ ಗಾಡಿ ಶಬ್ದದ ಅರ್ಥ ಬೇರೆಯವರಿಂದ ತಿಳಿಯಬೇಕೇ?

ಶ್ರಾವಣದ ಒಂದು ಬೆಳಿಗ್ಗೆ ಹೊರಟೆವು. ಮಧ್ಯಾಹ್ನಕ್ಕೆ ಬನ್ನಿ ಎಂದಿದ್ದರು. ನಾನು ಅರ್ಧ ತಾಸು ಮೊದಲೇ ತಲುಪುವ ಹಾಗೆ ಹೊರಡಿಸಿದೆ. ಯಾವ ವ್ಯಾಪಾರಕ್ಕೂ ಹೇಳಿದ ಹೊತ್ತಿಗಿಂತ ಮೊದಲೇ ಹೋಗಬೇಕು. ಎದುರಿನವನು ಗಾಡಿ ತೊಳೆದು ನಿಲ್ಲಿಸುವ ಮೊದಲೇ ಹೋದರೆ ಎಣ್ಣೆ ಎಲ್ಲಿ ಸೋರುತ್ತದೆ ಎಂಬುದು ನೆಲದ ಮೇಲೇ ಬರೆದಿರುತ್ತದೆ. ಇದನ್ನು ಭಾವಮೈದುನನಿಗೆ ವಿವರಿಸಿ ಹೇಳಿದೆ. ಅವನು ಹೊಸ ಅಂಗಿ ಹಾಕಿ, ತೊಡೆಯ ಮೇಲೆ ಹೂವು, ಹಣ್ಣು, ಸಿಹಿಯ ಚೀಲ ಇಟ್ಟುಕೊಂಡು, ಒರೆಸುವ ಕಡ್ಡಿ ಗಾಜಿನ ಮೇಲೆ ಆಚೀಚೆ ಹೋಗುವುದನ್ನೇ ನೋಡುತ್ತಿದ್ದ. ಹೊನ್ನಾವರದಿಂದ ಭಟ್ಕಳ ದಾಟುವ ತನಕ ಅವನು ಆಡಿದ ಮಾತು ಒಂದೇ.

"ಭಾವ, ಈ ಕಡ್ಡಿಯ ಮೋಟರು ಎಳೆಯುದಿಲ್ಲ. ಬಿಚ್ಚಿ ನೋಡ್ಬೇಕು."

ಮದುವೆ ಗಂಡಿನ ಮನಸ್ಸಿನಲ್ಲಿ ಏನೇನು ಓಡುತ್ತಿರುತ್ತದೆ ನೋಡಿ.

ಬೆಳಕೆಯಲ್ಲಿ ಹೆದ್ದಾರಿ ಬಿಟ್ಟು ಒಳಗೆ ತಿರುಗಿದೆವು. ಡಾಂಬರು ಸ್ವಲ್ಪ ದೂರ ಸಭ್ಯವಾಗಿ ಜೊತೆಗೆ ಬಂದು, ನಮಗೆ ಹೇಳದೆಯೇ ಹಿಂದೆ ಉಳಿಯಿತು. ಮುಂದೆ ಕೆಂಪು ಕೆಸರು. ಮೊದಲ ಹಳ್ಳಕ್ಕೆ ಸಿಮೆಂಟಿನ ತಗ್ಗು ಸೇತುವೆ ಇತ್ತು, ಅದರ ಮೇಲೆ ಹಿಮ್ಮಡಿ ನೆನೆಯುವಷ್ಟು ನೀರು ಹರಿಯುತ್ತಿತ್ತು. ಇದನ್ನು ದಾಟಲು ಜೀಪೇ ಬೇಕೆಂದಿರಲಿಲ್ಲ, ಸ್ವಲ್ಪ ಧೈರ್ಯವಿರುವ ಬಾತುಕೋಳಿ ಸಾಕಿತ್ತು. ಆದರೂ ನಾನು ಕ್ರಮ ಬಿಡಲಿಲ್ಲ. ಸಣ್ಣ ಗೇರು ಹಾಕಿ, ಯಾಕೆ ಹಾಕಿದೆ ಎಂದು ವಿವರಿಸಿ ದಾಟಿಸಿದೆ.

ಎರಡನೆಯದು ನಿಜವಾದ ಹಳ್ಳ. ಅಗಲವಾಗಿ, ಕಲ್ಲುಗುಂಡುಗಳ ಮೇಲೆ ಕೆಂಪಗೆ ಹರಿಯುತ್ತಿತ್ತು. ಎಮ್ಮೆ ಹೊಡೆದುಕೊಂಡು ಒಬ್ಬರು ಆಚೆಯಿಂದ ಬಂದರು. ಮಳೆಗೆ ತಲೆಯ ಮೇಲಿಂದ ಹೊದ್ದ ಪ್ಲಾಸ್ಟಿಕ್ ಕೊಪ್ಪೆ.

"ನೀರು ಎಷ್ಟುಂಟು?" ಎಂದು ಕೂಗಿದೆ.

"ಮೊಣಕಾಲು ಮಟ್ಟ."

ಯಾರ ಮೊಣಕಾಲು ಎಂದು ಕೇಳಬೇಕು ಎಂಬುದು ನನ್ನ ಅನುಭವದ ಸಲಹೆ. ಕೇಳಿದೆ. ಅವರು ತಮ್ಮ ಕಾಲನ್ನೊಮ್ಮೆ, ಎಮ್ಮೆಯ ಕಾಲನ್ನೊಮ್ಮೆ ನೋಡಿ, "ಇಬ್ರದ್ದೂ ಒಂದೇ ಸುಮಾರು" ಎಂದರು. ನಾನು ಪ್ಯಾಂಟು ಮಡಚಿ, ಕೋಲು ಹಿಡಿದು ಇಳಿದು, ತಳ ಗಟ್ಟಿ ಇದೆಯೆಂದು ಖಾತ್ರಿ ಮಾಡಿಕೊಂಡು, ಬೆಲ್ಟ್ ಕಳಚಿ, ಜೀಪನ್ನು ಇಳಿಸಿದೆ. ನೀರು ಬಾಗಿಲಿನ ಕೆಳಗೆ ಸದ್ದು ಮಾಡಿಕೊಂಡು ಹೋಯಿತು. ಜೀಪು ಒಮ್ಮೆಯೂ ಕೆಮ್ಮದೆ ಆಚೆ ಏರಿತು. ನೋಡಿದ್ದರೆ ನಿಮಗೂ ಚಪ್ಪಾಳೆ ತಟ್ಟುವ ಮನಸ್ಸಾಗುತ್ತಿತ್ತು. ಭಾವಮೈದುನ ತಟ್ಟಲಿಲ್ಲ, ಅವನ ಕೈಯಲ್ಲಿ ಚೀಲ ಇತ್ತು.

ಆ ಹಳ್ಳದ ಮೇಲ್ಭಾಗದಲ್ಲಿ ಕಲ್ಲು ಕಟ್ಟಿದ ಒಡ್ಡೊಂದಿತ್ತು. ಅದರ ಮೇಲಿಂದ ದಾರಿಗೆ ಇಳಿಯುವಲ್ಲಿ ಕೆಸರಿನಲ್ಲಿ ಒಂದೇ ಗೆರೆಯ ಚಕ್ರದ ಗುರುತು, ಹೋದದ್ದು, ಬಂದದ್ದು, ಮತ್ತೆ ಹೋದದ್ದು. ನಾನು ಅದನ್ನು ನೋಡಿದೆ.

"ನೋಡು ತಮಾ, ಪಾಪ, ಎರಡು ಚಕ್ರದವರು ಹೆಂಗೆ ಸರ್ಕಸ್ ಮಾಡ್ತ್ರು ಅಂತ."

ಅವನು ಗುರುತು ನೋಡಿದ, ನನ್ನನ್ನು ನೋಡಿದ. ಬಾಯಿ ತೆರೆದ. ನಾನು ಆಗಲೇ ಬೆಲ್ಟ್ ಕಳಚುವುದರ ಲಾಭಗಳನ್ನು ಎರಡನೇ ಸಲ ಹೇಳಲು ಶುರು ಮಾಡಿದ್ದೆ. ಬಾಯಿ ಮುಚ್ಚಿದ.

ಮೂರನೇ ಹಳ್ಳಕ್ಕೆ ಬಂದಾಗ ಮಳೆ ದಪ್ಪವಾಗಿತ್ತು. ಹಳ್ಳ ಅಗಲವಿಲ್ಲ, ಆದರೆ ಎರಡೂ ದಡದ ಹುಲ್ಲನ್ನು ಒತ್ತಿಕೊಂಡು ಸೊಕ್ಕಿನಿಂದ ಹೋಗುತ್ತಿತ್ತು. ಅದರ ಮೇಲೆ ಒಂದು ಸಂಕ. ಹಿಂದೆಲ್ಲ ಮರದ ದಿಮ್ಮಿ ಅಡ್ಡ ಹಾಕಿ ಅದಕ್ಕೆ ಸಂಕ ಎನ್ನುತ್ತಿದ್ದರು, ಇದು ಸಿಮೆಂಟಿನ ಹಲಗೆ. ಒಂದು ಬದಿಗೆ ಪೈಪಿನ ಕೈಗಂಬಿ. ಒಬ್ಬ ಮನುಷ್ಯ ಕೊಡೆ ಬಿಚ್ಚಿಕೊಂಡು ಹೋಗಬಹುದಾದಷ್ಟು ಅಗಲ. ಸಂಕದ ಕೆಳಬದಿಗೆ, ಹಿಂದೆ ಎತ್ತಿನಗಾಡಿ ಇಳಿಯುತ್ತಿದ್ದ ಜಾಗ ಇನ್ನೂ ಕಾಣುತ್ತಿತ್ತು, ದಡ ಎರಡೂ ಕಡೆ ತಗ್ಗಾಗಿತ್ತು.

ಭಾವಮೈದುನ ಸಂಕವನ್ನು ನೋಡಿ ಮೆಲ್ಲಗೆ ಹೇಳಿದ: "ಭಾವ, ಗಾಡಿ ಅಂದ್ರೆ..."

"ಎಂತ?"

"ಎಂತಿಲ್ಲ. ಜೀಪು ಇಲ್ಲೇ ಬಿಟ್ಟು ನಡ್ಕಂಡು ಹೋಗ್ವ. ಮನೆ ಅಲ್ಲೇ ಕಾಣ್ತದಲ್ಲ."

ಮನೆ ಕಾಣುತ್ತಿತ್ತು ನಿಜ. ಗದ್ದೆಯ ಆಚೆ ಹಂಚಿನ ಮಾಡು, ಹೊಗೆ. ಆದರೆ ಆಚೆ ದಡದಲ್ಲಿ ಜನವೂ ಕಾಣುತ್ತಿದ್ದರು. ಜೀಪಿನ ಸದ್ದು ಕೇಳಿ ನಾಲ್ಕಾರು ಮಂದಿ ಕೊಡೆ ಹಿಡಿದು ಬಂದಿದ್ದರು. ನಡುವೆ ಬಿಳಿ ಪಂಚೆಯ ಹಿರಿಯರೊಬ್ಬರು, ಹುಡುಗಿಯ ಅಪ್ಪನೇ ಇರಬೇಕು. ಇಷ್ಟು ದೂರ ಜೀಪು ತಂದು, ಹೆಣ್ಣಿನ ಕಡೆಯವರು ಸಾಲಾಗಿ ನಿಂತು ನೋಡುವಾಗ, ನಾವು ಚಪ್ಪಲಿ ಕೈಯಲ್ಲಿ ಹಿಡಿದು ಸಂಕದ ಮೇಲೆ ಕೊಕ್ಕರೆಯ ಹಾಗೆ ನಡೆದು ಹೋಗುವುದೇ? ಅಥವಾ ನಾನು ಎಲ್ಲರೆದುರು ಪ್ಯಾಂಟು ಮಡಚಿ ಕೋಲು ಹಿಡಿದು ನೀರು ಅಳೆಯುವುದೇ? ಗಂಡಿನ ಕಡೆಯವರಿಗೆ ಧೈರ್ಯ ಸಾಲದು ಎಂದು ಮಾತಾಗುವುದಿಲ್ಲವೇ? ಅವಳೇ ಹೇಳಿದ್ದಾಳೆ, ಗಾಡಿ ದಾಟ್ತದೆ.

ಅಷ್ಟರಲ್ಲಿ ಬಿಳಿ ಪಂಚೆಯವರು ಕೊಡೆಯನ್ನು ಮುಚ್ಚಿ, ಮೇಲೆತ್ತಿ, ಆಚೀಚೆ ಜೋರಾಗಿ ಬೀಸತೊಡಗಿದರು. ಅವರ ಬಾಯಿಯೂ ಆಡುತ್ತಿತ್ತು, ನೀರಿನ ಸದ್ದಿಗೆ ಮಾತು ಕೇಳಲಿಲ್ಲ.

"ನೋಡು, ಎಷ್ಟು ಮರ್ಯಾದಸ್ಥರು. ಮಳೆಯಲ್ಲಿ ನೆನೆದು ಸ್ವಾಗತ ಮಾಡ್ತ್ರು" ಎಂದೆ. ನಾನೂ ಕೈ ಬೀಸಿದೆ. ಅವರು ಇನ್ನೂ ಜೋರಾಗಿ ಬೀಸಿದರು. ಉಳಿದವರೂ ಬೀಸತೊಡಗಿದರು. ಇಷ್ಟೊಂದು ಆದರ ನನಗೆ ನನ್ನ ಮದುವೆಯಲ್ಲೂ ಸಿಕ್ಕಿರಲಿಲ್ಲ.

ಸಣ್ಣ ಗೇರು ಹಾಕಿ ಇಳಿಸಿದೆ.

ಕಾಲು ಭಾಗ ಚೆನ್ನಾಗಿಯೇ ಹೋದೆವು. ಆಮೇಲೆ ಮುಂದಿನ ಎರಡೂ ಚಕ್ರಗಳು ಒಟ್ಟಿಗೆ, ಮಾತಾಡಿಕೊಂಡ ಹಾಗೆ, ಕೆಳಗೆ ಹೋದವು. ಬಾನೆಟ್ಟಿನ ಮೇಲೆ ನೀರು ಬಂತು. ಇಂಜಿನ್ ಒಂದು ಗುಟುಕು ಕುಡಿಯಿತು, ಕೆಮ್ಮಿತು, ನಿಂತಿತು. ಆಮೇಲೆ ಹಳ್ಳದ ಸದ್ದು ಮಾತ್ರ.

ನಾನು ಚಾವಿ ಮುಟ್ಟಲಿಲ್ಲ. ಅಷ್ಟೂ ಸಲಹೆಗಳಲ್ಲಿ ಇದೊಂದನ್ನಾದರೂ ಪಾಲಿಸಿದೆ ಎಂದು ದಾಖಲಾಗಲಿ.

ಸಂಕ ಆದ ಮೇಲೆ ಆ ಜಾಗದಲ್ಲಿ ನಾಲ್ಕು ಚಕ್ರ ಇಳಿಸಿದವರೇ ಇಲ್ಲವಂತೆ. ಊರಿನವರು ಮನೆ ಕಟ್ಟಲು ಹಳ್ಳದ ಮರಳು ತೆಗೆದು ತೆಗೆದು, ಹಳೇ ಗಾಡಿದಾರಿಯ ನಡುವೆ ಒಂದು ಹೊಂಡ ಮಾಡಿಟ್ಟಿದ್ದರು. ಇದನ್ನು ಬಿಳಿ ಪಂಚೆಯವರು ಸಂಕದ ಮೇಲೆ ಓಡಿ ಬಂದು, ಮೇಲಿನಿಂದ ಬಗ್ಗಿ ನನಗೆ ತಿಳಿಸಿದರು.

"ಬೇಡ ಬೇಡ ಅಂತ ಕೊಡೆ ಬೀಸಿದ್ದಲ್ದಾ ಮಾರಾಯ್ರೆ! ನೀವು ಟಾಟಾ ಮಾಡಿ ಇಳ್ಸೇ ಬಿಟ್ರಿ!"

ಅವರು ಹುಡುಗಿಯ ಅಪ್ಪನೇ ಆಗಿದ್ದರು. ಹೀಗೆ ನಮ್ಮ ಪರಿಚಯವಾಯಿತು.

ಸಲಹೆಗೆ ಬರವಿಲ್ಲದ ಊರು ಅದು. ದಡದಲ್ಲಿದ್ದವರೆಲ್ಲ ಬಾಯಿ ಬಿಟ್ಟರು. ಒಬ್ಬರು ಹಿಂದೆ ತಳ್ಳಿ ಎಂದರು, ಒಬ್ಬರು ಮುಂದೆ ಎಳೆಯಿರಿ ಎಂದರು. ಇನ್ನೊಬ್ಬರು ಬಾಗಿಲು ತೆಗೆದಿಡಿ, ನೀರು ಹಾದು ಹೋಗಲಿ ಎಂದರು. ಒಬ್ಬರಂತೂ ಚಾವಿ ತಿರುಗಿಸಿ ನೋಡಿ ಎಂದರು. ಆ ಮನುಷ್ಯನ ಮುಖವನ್ನು ನೆನಪಿಟ್ಟುಕೊಂಡಿದ್ದೇನೆ. ಕೇಳದೆ ಸಲಹೆ ಕೊಡುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ.

ಭಾವಮೈದುನ ಬಾಗಿಲು ತೆರೆದು ಇಳಿದ. ಸೊಂಟದ ತನಕ ನೀರು. ಹೂವು ಹಣ್ಣಿನ ಚೀಲವನ್ನು ತಲೆಯ ಮೇಲೆ ಇಟ್ಟುಕೊಂಡು, ಇನ್ನೊಂದು ಕೈಯಿಂದ ಜೀಪಿನ ಕಂಬಿ ಹಿಡಿದು ನಿಂತ. ಹೊಸ ಅಂಗಿ ಮೈಗೆ ಅಂಟಿತ್ತು. ಗಂಡು ತೋರಿಸುವ ಶಾಸ್ತ್ರಕ್ಕೆ ಇಂಥ ಸ್ಥಿತಿಯಲ್ಲಿ ಯಾರನ್ನೂ ನಿಲ್ಲಿಸಿರಲಿಕ್ಕಿಲ್ಲ. ನಾನು ಸೀಟಿನ ಮೇಲೆ ಕಾಲು ಮಡಚಿ ಕೂತು, ಮನೆಗೆ ಹೋಗಿ ಹೆಂಡತಿಗೆ ಹೇಳಬೇಕಾದ ಮಾತನ್ನು ಜೋಡಿಸುತ್ತಿದ್ದೆ. ಯಾವ ಕಡೆಯಿಂದ ಜೋಡಿಸಿದರೂ ಅದು ಸೋರುತ್ತಿತ್ತು.

ಆಗ ನಾವು ಬಂದ ದಾರಿಯಿಂದಲೇ ಸಣ್ಣ ಇಂಜಿನ್ ಸದ್ದು ಕೇಳಿತು. ಒಂದು ಸ್ಕೂಟರು. ಮೇಲೆ ರೇನ್‌ಕೋಟು ಹಾಕಿದ ಹೆಂಗಸು. ಅಂಗಡಿಯಲ್ಲಿ ಅರ್ಧ ದಿನ ಕೆಲಸ ಮುಗಿಸಿ, ಹೇಳಿದ ಹೊತ್ತಿಗೆ ಸರಿಯಾಗಿ ಮನೆ ಸೇರಲು ಬರುತ್ತಿದ್ದ ಹುಡುಗಿ. ಮೊದಲೇ ಬಂದು ಎಣ್ಣೆ ಸೋರುವುದನ್ನು ನೋಡಬೇಕೆಂದಿದ್ದವನು ನಾನು. ಈಗ ನನ್ನದೇ ಡೀಸೆಲ್ಲು ನೀರಿನ ಮೇಲೆ ಬಣ್ಣಬಣ್ಣವಾಗಿ ಹರಡಿಕೊಂಡು ಹೋಗುತ್ತಿತ್ತು.

ಅವಳು ವೇಗ ಕಡಿಮೆ ಮಾಡದೆ ಸಂಕಕ್ಕೆ ಏರಿದಳು. ಸಿಮೆಂಟಿನ ಹಲಗೆಯ ಮೇಲೆ ಸ್ಕೂಟರು ಅಳತೆ ತೆಗೆದು ಹೊಲಿಸಿದ ಹಾಗೆ ಕೂತಿತು. ನಮ್ಮ ನೇರ ಮೇಲೆ ಬಂದು ನಿಲ್ಲಿಸಿ, ಒಂದು ಕಾಲು ಊರಿ, ಕೆಳಗೆ ನೋಡಿದಳು.

"ಇದೆಂತ ಇಲ್ಲಿ ಇಳ್ಸಿದ್ರಿ?"

"ನೀವೇ ಹೇಳಿದ್ರಲ್ಲ" ಎಂದೆ ನಾನು, ಧ್ವನಿಯಲ್ಲಿ ಸಾಧ್ಯವಾದಷ್ಟು ಗೌರವ ಉಳಿಸಿಕೊಂಡು. "ಗಾಡಿ ದಾಟ್ತದೆ ಅಂತ."

ಅವಳು ತನ್ನ ಸ್ಕೂಟರಿನ ಹ್ಯಾಂಡಲ್ ತಟ್ಟಿದಳು.

"ದಾಟ್ತದಲ್ಲ ಅಣ್ಣಾ. ಗಾಡಿ ಇದು. ಅದು ಜೀಪು."

ಸಂಕದ ಮೇಲಿದ್ದವರು, ದಡದಲ್ಲಿದ್ದವರು ಯಾರೂ ನಗಲಿಲ್ಲ. ನಗದೆ ಇರಲು ಅವರು ಪಟ್ಟ ಕಷ್ಟ ನನಗೆ ಕೆಳಗಿನಿಂದಲೇ ಕಂಡಿತು. ಈ ಸೀಮೆಯಲ್ಲಿ ಗಾಡಿ ಎಂದರೆ ಬೈಕು, ಸ್ಕೂಟರು. "ಗಾಡಿಲಿ ಬಂದ್ರಾ, ಬಸ್ಸಿಗಾ?" ಎಂದು ದಿನಕ್ಕೆ ಹತ್ತು ಜನ ನನ್ನನ್ನೇ ಕೇಳುತ್ತಾರೆ. ನನ್ನ ಭಾವಮೈದುನ ಬಾಗಿಲಲ್ಲಿ ಕಾಲು ಕೆರೆದು ಹೇಳಿದ್ದೂ ಅದನ್ನೇ. ಆ ಒಡ್ಡಿನ ಮೇಲಿನ ಚಕ್ರದ ಗುರುತು ಹೇಳಿದ್ದೂ ಅದನ್ನೇ. ಗಾಡಿ ಮಾರುವವನೊಬ್ಬನಿಗೇ ಅರ್ಥವಾಗಿರಲಿಲ್ಲ.

ಅವಳು ನೀರಿನಲ್ಲಿ ನಿಂತವನ ಕಡೆ ನೋಡಿ, "ಇವ್ರೇಯಾ?" ಎಂದು ಅಪ್ಪನನ್ನು ಕೇಳಿದಳು. ಅಪ್ಪ ತಲೆಯಾಡಿಸಿದರು. ಅವಳ ಮುಖದಲ್ಲಿ ತಮಾಷೆ ಇರಲಿಲ್ಲ. ಅವನನ್ನೇ ನೇರವಾಗಿ ಕೇಳಿದಳು:

"ಇದು ದಾಟುದಿಲ್ಲ ಅಂತ ಮೊದ್ಲೇ ಗೊತ್ತಾಗಿದ್ರೆ, ವಾಪಸ್ ಹೋಗ್ತಿದ್ರಾ?"

ಈ ಪ್ರಶ್ನೆಯ ತೂಕ ನನಗೆ ತಿಳಿಯಿತು. ಅವಳು ಕೇಳುತ್ತಿದ್ದುದು ಜೀಪಿನ ವಿಷಯವಲ್ಲ. ಇದಕ್ಕೆ ಕೊಡಬೇಕಾದ ಉತ್ತರ ನನ್ನ ನಾಲಿಗೆಯ ತುದಿಗೆ ಬಂದಿತ್ತು, ಗಿರಾಕಿಯ ಮನಸ್ಸು ತಣಿಸುವ ನಾಲ್ಕು ಮಾತು. ಆದರೆ ಹೆಂಡತಿಯ ಅಪ್ಪಣೆ ನೆನಪಾಯಿತು. ಮದುವೆಯಾದ ಮೇಲೆ ಮೊದಲ ಸಲ ಬಾಯಿ ಮುಚ್ಚಿದೆ.

ಭಾವಮೈದುನ ತಲೆಯ ಮೇಲಿನ ಚೀಲ ಸರಿಮಾಡಿಕೊಂಡ.

"ಜೀಪು ಭಾವಂದು" ಎಂದ. "ಬರುದು ನಾನಲ್ದಾ. ನಡ್ಕಂಡಾದ್ರೂ ಬರ್ತಿದ್ದೆ."

ಇಷ್ಟೇ. ಆಮೇಲೆ ಸ್ವಲ್ಪ ಯೋಚಿಸಿ, "ನಾ ಗಾಡಿಲೇ ಬರ್ತೆ ಅಂದಿದ್ದೆ" ಎಂದೂ ಸೇರಿಸಿದ. ಅದನ್ನು ಸೇರಿಸಬೇಕಾದ ಅಗತ್ಯ ಇರಲಿಲ್ಲ.

ಅವಳು ಈಗ ನಕ್ಕಳು. "ಮೇಲೆ ಬನ್ನಿ. ಥಂಡಿ ಆತದೆ" ಎಂದಳು. ಅವನು ದಡ ಹತ್ತಿ, ನೀರು ಸುರಿಸಿಕೊಂಡು ಸಂಕಕ್ಕೆ ಬಂದ. ಅಪ್ಪ ಒಮ್ಮೆ ಮಗಳ ಮುಖ, ಒಮ್ಮೆ ಅವನ ಒದ್ದೆ ಮೈ ನೋಡಿ, ಬೇಡ ಎನ್ನಲೂ ಆಗದೆ ಹೌದು ಎನ್ನಲೂ ಆಗದೆ ಕೊಡೆ ಬಿಚ್ಚಿಕೊಂಡರು. ಅವನು ಅವಳ ಹಿಂದೆ ಒಂದು ಗೇಣು ಜಾಗ ಬಿಟ್ಟು, ಚೀಲವನ್ನು ನಡುವೆ ಇಟ್ಟುಕೊಂಡು ಕೂತ. ಗಾಡಿ ದಾಟಿತು.

ನಾನು ಜೀಪಿನಲ್ಲಿ ಉಳಿದೆ. ಯಾರದೋ ಗದ್ದೆ ಉಳುವ ಟಿಲ್ಲರ್ ತಂದು, ಹಗ್ಗ ಕಟ್ಟಿ ಎಳೆದರು. ಜೀಪು ಅಲುಗಲಿಲ್ಲ, ಟಿಲ್ಲರ್ ಹಿಂದಿನ ಕಾಲಲ್ಲಿ ಎದ್ದು ನಿಂತಿತು. ಕೊನೆಗೆ ಎಲ್ಲರೂ ಸೇರಿ, ಹಳ್ಳ ಎಳೆದುಕೊಂಡು ಹೋಗದಿರಲಿ ಎಂದು, ಜೀಪನ್ನು ದಡದ ಮಾವಿನ ಮರಕ್ಕೆ ಹಗ್ಗದಲ್ಲಿ ಕಟ್ಟಿಹಾಕಿದರು. "ನೀರಿಳಿದ ಮೇಲೆ ಜೇಸೀಬಿ ತಂದು ಎಬ್ಬಿಸ್ವ. ಎಲ್ಲಿಗೂ ಹೋಗುದಿಲ್ಲ, ಹೆದರ್ಬೇಡಿ" ಎಂದು ಸಮಾಧಾನವನ್ನೂ ಹೇಳಿದರು. ಎಲ್ಲಿಗೂ ಹೋಗುವುದಿಲ್ಲ ಎಂಬುದೇ ನನ್ನ ದುಃಖವಾಗಿತ್ತು.

ನಾನು ಚಪ್ಪಲಿ ಕೈಯಲ್ಲಿ ಹಿಡಿದು, ಸಂಕದ ಮೇಲೆ ಕೊಕ್ಕರೆಯ ಹಾಗೆ ನಡೆದು, ಹೆಣ್ಣಿನ ಮನೆ ಸೇರಿದೆ.

ಅಷ್ಟರಲ್ಲಿ ಭಾವಮೈದುನ ಹುಡುಗಿಯ ಅಪ್ಪನ ಪಂಚೆ ಉಟ್ಟು, ಅಡುಗೆಮನೆಯ ಹೊಸ್ತಿಲಲ್ಲಿ ಕೂತು, ಅವರ ಕೆಟ್ಟು ಕೂತಿದ್ದ ಮಿಕ್ಸರನ್ನು ಬಿಚ್ಚಿದ್ದ. ಹುಡುಗಿ ಟಾರ್ಚು ಹಿಡಿದಿದ್ದಳು. ಇಬ್ಬರೂ ಏನೋ ಮಾತಾಡುತ್ತಿದ್ದರು. ಅವನು ಮಾತಾಡುತ್ತಿದ್ದ! ಹೆಣ್ಣು ನೋಡುವ ಶಾಸ್ತ್ರ ಮುಗಿದೇಹೋಗಿತ್ತು, ನನ್ನನ್ನು ಕಾಯದೆ.

ಅವಲಕ್ಕಿ, ಬಾಳೆಹಣ್ಣು, ಚಾ ಬಂತು. ಹುಡುಗಿಯ ಅಪ್ಪ ಗಂಟಲು ಸರಿಮಾಡಿಕೊಂಡು, ಮಗಳ ಒಪ್ಪಿಗೆ ಇದೆ, ಆದರೆ ಒಂದು ಮಾತು ಉಂಟು ಎಂದರು. ಮಾತನ್ನು ಅವಳೇ ಹೇಳಿದಳು.

"ಮಳೆಗಾಲದಲ್ಲಿ ತಿಂಗ್ಳಿಗೊಂದು ಸಲ ನಾ ಇಲ್ಲಿಗೆ ಬರ್ಬೇಕು. ಹಳ್ಳ ತುಂಬಿದೆ ಅಂತ ಹೇಳುಕಿಲ್ಲ."

ಮೊದಲ ಬೇಡಿಕೆಗೆ ಒಪ್ಪುವವನು ವ್ಯಾಪಾರಸ್ಥನೇ ಅಲ್ಲ. ಹೆಂಡತಿಯ ಅಪ್ಪಣೆಯ ಅವಧಿ ಮುಗಿಯಿತೆಂದು ನಾನೇ ತೀರ್ಮಾನಿಸಿ, ಲೋಟ ಕೆಳಗಿಟ್ಟೆ. "ಹಿರೇಗುತ್ತಿಯಿಂದ ದೂರ ಆತದಲ್ಲ" ಎಂದು ಶುರು ಮಾಡಿದೆ. "ಎರಡು ತಿಂಗ್ಳಿಗೊಂದು ಸಲ ಅಂತ..."

"ತಿಂಗ್ಳಿಗೆ ಎರಡು ಸಲ" ಎಂದ ನನ್ನ ಭಾವಮೈದುನ, ಮಿಕ್ಸರಿನಿಂದ ತಲೆ ಎತ್ತದೆ.

ಇಷ್ಟು ವರ್ಷದ ವ್ಯಾಪಾರದಲ್ಲಿ ಮಾರುವವನು ಹೇಳಿದ್ದಕ್ಕಿಂತ ಹೆಚ್ಚು ಕೊಡುತ್ತೇನೆ ಎಂದ ಗಿರಾಕಿಯನ್ನು ನಾನು ನೋಡಿದ್ದು ಅದೊಂದೇ ಸಲ, ಅವನೂ ನಮ್ಮ ಕಡೆಯವನೇ. ನಾನು ಲೋಟ ಎತ್ತಿಕೊಂಡೆ. ಚಾ ಚೆನ್ನಾಗಿತ್ತು. ಮದುವೆ ಮಾಘದಲ್ಲಾಯಿತು. ಕಲ್ಯಾಣಮಂಟಪದ ಮಾತುಕತೆಗೆ ನನ್ನನ್ನು ಕರೆಯಲಿಲ್ಲ. ಈಗಲೂ ಮಳೆಗಾಲದಲ್ಲಿ ಅವರಿಬ್ಬರೂ ಬೆಳಕೆಗೆ ಹೋಗುತ್ತಾರೆ, ಬರುತ್ತಾರೆ, ಆ ಸೊಳ್ಳೆಯ ಮೇಲೆ.

ಅಂದು ವಾಪಸು ಹೊರಡುವಾಗ ಮಳೆ ತುಸು ನಿಂತಿತ್ತು. ನಮ್ಮನ್ನು ಹೆದ್ದಾರಿಗೆ ಬಿಟ್ಟರೆ ಬಸ್ಸು ಸಿಗುತ್ತಿತ್ತು. ಮಗಳು ಗಂಡನ್ನು ಎರಡನೇ ಸಲವೂ ಹಿಂದೆ ಕೂರಿಸಿಕೊಂಡು ಹೋದರೆ ಊರಿನವರು ಏನೆಂದಾರು ಎಂದು ಅಪ್ಪನಿಗೆ ಸಂಕೋಚ. ಆದ್ದರಿಂದ ಭಾವಮೈದುನನಿಗೆ ಪಕ್ಕದ ಮನೆಯವರ ಬೈಕು, ನನಗೆ ಹುಡುಗಿಯ ಸ್ಕೂಟರು ಎಂದಾಯಿತು. ನಾನು ಹತ್ತಿ ಕೂತೆ. ಇಳಿಜಾರು ಬಂತು, ಮುಂದೆ ಸಂಕ. ಅಭ್ಯಾಸ ಬಿಡುತ್ತದೆಯೇ? "ಸಣ್ಣ ಗೇರಿಗೆ ಹಾಕು ತಂಗೀ" ಎಂದೆ.

"ಇದಕ್ಕೆ ಗೇರೇ ಇಲ್ಲ ಅಣ್ಣಾ. ಕಾಲು ಒಳಗೆ ಇಟ್ಕಳಿ, ಕಂಬಿಗೆ ತಾಗ್ತದೆ."

ಸಂಕದ ನಡುವೆ ಅವಳು ವೇಗ ಇಳಿಸಿದಳು. ಕೆಳಗೆ ನನ್ನ ಜೀಪು, ಕೊರಳಿಗೆ ಹಗ್ಗ ಬಿಗಿದುಕೊಂಡು, ಮೂಗಿನ ತನಕ ಕೆಂಪು ನೀರಿನಲ್ಲಿ ನಿಂತಿತ್ತು. ಅವಳು ಅದನ್ನೊಮ್ಮೆ ನೋಡಿದಳು. ಬೈಗುಳವಲ್ಲ, ತಮಾಷೆಯಲ್ಲ, ಹವಾಮಾನ ಹೇಳಿದ ಹಾಗೆ ಹೇಳಿದಳು:

"ನಮ್ಮ ಅಕ್ಕನ ಗಂಡನ ಮನೇಲೂ ಜೀಪು ಇತ್ತು ಅಣ್ಣಾ. ನಾಲ್ಕು ಚಕ್ರ ಎಳೆಯುದೇ."

ನಾನು ಅವಳು ಕೊಟ್ಟ ಸಲಹೆಯಂತೆ ಕಾಲು ಒಳಗೆ ಇಟ್ಟುಕೊಂಡೆ.